ಟೆಲೆಕ್ಸ್ ಮುಂದಿನ ಕುರ್ಚಿ

ಶಹಾಪುರ, ಬೆಳಗಾವಿ
ರವಿವಾರ, ೨೨ ಸೆಪ್ಟೆಂಬರ್ ೧೯೮೫

ಪ್ರೀತಿಯ ತಂಗಿ ಸಂಗವ್ವನಿಗೆ,

ನಿನಗೂ, ನಿನ್ನ ಯಜಮಾನರಿಗೂ, ಮಕ್ಕಳಿಗೂ ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತು, ಸಿಟ್ಟಾಗಬೇಡ. ‘ಇಲ್ಲಿ ಎಲ್ಲ ಕ್ಷೇಮ’ ಎಂದು ಶುರು ಮಾಡಲು ಎರಡು ಸಲ ಪೆನ್ನು ಹಿಡಿದೆ. ಆದರೆ ಸುಳ್ಳು ಬರೆಯಲು ಕೈ ಏಳಲಿಲ್ಲ. ಹೊರಗೆ ಗಣಪತಿ ಮಂಡಳದವರ ಸ್ಪೀಕರು ಬೆಳಗಿನಿಂದ ಒಂದೇ ಹಾಡನ್ನು ಅರೆಯುತ್ತಿದೆ, ಒಳಗೆ ನಮ್ಮ ಆಫೀಸಿನವರು ನನ್ನ ತಲೆಯನ್ನು ಅರೆದು ಮುಗಿಸಿದ್ದಾರೆ.

ಆವತ್ತು ನೀನು ಆಫೀಸಿಗೆ ಬಂದು ಇಟ್ಟುಹೋದ ಅವಲಕ್ಕಿ ಸಿಕ್ಕಿತು. ನಾನು ಬ್ಯಾಂಕಿಗೆ ಹೋಗಿದ್ದೆ, ಭೇಟಿಯಾಗಲಿಲ್ಲ. ನಿಮ್ಮ ಮನೆಯ ಬಾಜು ಖೋಲಿಗೆ ಸುಣ್ಣ ಹೊಡೆಸಿದೆವು ಎಂದು ಬರೆದಿದ್ದೀ. ಖಾನಾಪುರದ ಮಳೆಯಲ್ಲಿ ಹಾಸಿಗೆಯೇ ಒಣಗುವುದಿಲ್ಲ, ಇನ್ನು ಸುಣ್ಣ ಒಣಗುವುದೆಲ್ಲಿ? ಇಷ್ಟು ಅವಸರ ಯಾಕಿತ್ತೋ. ಬಾಡಿಗೆಗೆ ಕೊಡುವುದಾದರೆ ಯಾರಾದರೂ ಸಾಲಿ ಮಾಸ್ತರರಿಗೆ ಕೊಡು, ಗದ್ದಲ ಇರುವುದಿಲ್ಲ.

ಈಗ ನನ್ನ ಗೋಳು ಕೇಳು. ನಮ್ಮ ಕಂಪನಿಯ ಹೆಂಚಿನ ಕಾರ್ಖಾನೆ ನಿಮ್ಮ ಖಾನಾಪುರದಲ್ಲಿದ್ದರೂ ವ್ಯವಹಾರವೆಲ್ಲ ಇಲ್ಲಿಯ ಆಫೀಸಿನದು ಎಂಬುದು ನಿನಗೆ ಗೊತ್ತು. ಈ ಆಫೀಸಿಗೆ ಈಗ ಟೆಲೆಕ್ಸ್ ಬಂದಿದೆ. ಟೈಪ್‌ರೈಟರಿಗೂ ಟೆಲಿಫೋನಿಗೂ ಲಗ್ನ ಮಾಡಿಸಿದಂತಹ ಯಂತ್ರ. ಇಲ್ಲಿ ಹೊಡೆದದ್ದು ಆ ಗಳಿಗೆಯಲ್ಲೇ ಮುಂಬಯಿಯ ಕಾಗದದ ಮೇಲೆ ಮೂಡುತ್ತದೆ. ಅದರ ಜತೆಗೆ ಗೋಡೆಯ ತುಂಬ ಒಂದು ಹಲಗೆ, ವರ್ಷದ ತಾರೀಖುಗಳೆಲ್ಲ ಅದರಲ್ಲಿ. ಯಾವ ದಿನ ಯಾವ ಲಾರಿ, ಯಾವ ದಿನ ಯಾರ ಭೇಟಿ, ಎಲ್ಲವನ್ನೂ ಟೆಲೆಕ್ಸಿನಲ್ಲಿ ಗೊತ್ತುಮಾಡಿ ಅಲ್ಲಿ ಬರೆಯಬೇಕು. ಇದನ್ನು ಕಲಿತವರು ಇಬ್ಬರು ಇಲ್ಲೇ ಉಳಿಯುತ್ತಾರೆ. ಟೈಪಿನ ಕೆಲಸ ಕಡಿಮೆಯಾಗುವುದರಿಂದ ಉಳಿದವರಲ್ಲಿ ಒಬ್ಬರು ಖಾನಾಪುರದ ಕಾರ್ಖಾನೆಯಲ್ಲಿ ಗೇಟ್ ಪಾಸು ಬರೆಯಬೇಕು. ಅಂದರೆ ಟೈಪಿಸ್ಟಳಾದ ನನಗೆ ಕಲಿಯುವುದು ಬರೀ ಕಲಿಯುವುದಲ್ಲ, ಕುರ್ಚಿಯ ಪ್ರಶ್ನೆ.

ನಮ್ಮ ಬಸಲಿಂಗಪ್ಪ ಸಾಹೇಬರು ಪುಣೆಗೆ ಹೋಗಿ ಯಾವುದೋ ಭಾಷಣ ಕೇಳಿ ಬಂದಿದ್ದರು. ಎಲ್ಲರನ್ನೂ ಕರೆದು, "ನೋಡ್ರಿ, ಒಬ್ಬೊಬ್ಬರ ತಲಿ ಒಂದೊಂದು ನಮೂನಿ ಇರ್ತೈತಿ. ಪುಸ್ತಕ ಓದಿ ಕಲೀತೀರೋ, ಕ್ಲಾಸಿನ್ಯಾಗ ಕುಂತು ಕಲೀತೀರೋ, ಮಷೀನಿನ ಬಾಜು ಕುಂತು ಕೈಯಾಡಿಸಿ ಕಲೀತೀರೋ? ನಿಮಗ ಹೆಂಗ ಬೇಕು, ಬಾಯಿ ಬಿಟ್ಟು ಹೇಳ್ರಿ" ಎಂದರು. ಬಾಯಿ ಬಿಡಿ ಎಂದದ್ದೇ ತಪ್ಪಾಯಿತು ನೋಡು.

ಲೆಕ್ಕದ ಆದಿನಾಥರು ಎದ್ದರು. "ಹೆಂಗರೆ ಕಲಸ್ರಿ, ಹೊತ್ತು ಮುಳುಗೂದರೊಳಗ ನಂದು ಮನಿಯಾಗ ಊಟಾ ಆಗಬೇಕು." ಅವರ ಜೈನ ಮನೆತನದಲ್ಲಿ ಸೂರ್ಯ ಮುಳುಗಿದ ಮೇಲೆ ತುತ್ತು ಎತ್ತುವುದಿಲ್ಲ, ಖರೇ. ಆದರೆ ಕಲಿಸಲು ಪುಣೆಯಿಂದ ಬಂದವನಿಗೆ ಬಿಡುವು ಇರುವುದೇ ಸಂಜೆ ಐದರ ನಂತರ. ಲಾರಿ ನೋಡಿಕೊಳ್ಳುವ ಬಾಳಪ್ಪ ಎದ್ದು, ಕಲಿಸುವುದು ಕನ್ನಡದಲ್ಲೇ ಆಗಬೇಕು ಎಂದು ಪುಣೆಯವನ ಮುಂದೆ ಅರ್ಧ ತಾಸು ವಾದಿಸಿದ. ಅಷ್ಟೂ ವಾದ ಮರಾಠಿಯಲ್ಲಿ! ಪುಣೆಯವನು ನನ್ನ ಮುಖ ನೋಡಿದ, ನಾನು ಗೋಡೆಯ ಹಲಗೆ ನೋಡಿದೆ. ಸಾಹೇಬರು ಕಸ ಹೊಡೆಯುವ ಭರಮವ್ವನನ್ನೂ ಬಿಡಲಿಲ್ಲ. "ನನಗೇನ್ರೀ, ಅದರ ಬುಡಕ ಕಸಬರಗಿ ಹಾಕಿದ್ರ ಶಾಕ್ ಹೊಡೀತೈತೋ ಇಲ್ಲೋ, ಅಷ್ಟು ಕಲಸ್ರಿ ಸಾಕು" ಎಂದಳು. ಆ ದಿನ ಆಡಿದ ಮಾತುಗಳಲ್ಲಿ ಅದೊಂದೇ ತಲೆ ಇದ್ದ ಮಾತು.

ಯಂತ್ರ ಚಾಲೂ ಮಾಡುವುದು ಯಾವತ್ತು ಎಂಬುದಕ್ಕೆ ಮತ್ತೊಂದು ರಾಮಾಯಣ. ಸಾಹೇಬರು ಹಲಗೆಯ ಮೇಲೆ ಸೋಮವಾರ ಎಂದು ಬರೆದರೆ ಬಾಳಪ್ಪ ಅಳಿಸಿಬಿಟ್ಟ. "ಲಾರಿಗೆ ಅಮಾಸಿ ದಿನ ಪೂಜಿ ಮಾಡ್ತೀವಿ, ಇದೇನ್ ಲಾರಿಗಿಂತ ಕಡಿಮಿ ಐತೇನ್ರಿ?" ಸಾಹೇಬರು ಆಗಲಿ ಎಂದರು. ಶ್ರಾವಣದ ಅಮಾವಾಸ್ಯೆಗೆ ಯಂತ್ರಕ್ಕೆ ವಿಭೂತಿ, ಕುಂಕುಮ, ಹೂವಿನ ಹಾರ. ಲಾರಿಯ ಗಾಲಿಯ ಮುಂದೆ ಕಾಯಿ ಒಡೆದು ರೂಢಿಯಾದ ಕೈ, ಬಾಳಪ್ಪ ಟೇಬಲ್ಲಿನ ಅಂಚಿಗೇ ತೆಂಗಿನಕಾಯಿ ಕುಕ್ಕಿದ. ನೀರೆಲ್ಲ ಸೊರ್ರೆಂದು ಅಕ್ಷರದ ಗುಂಡಿಗಳೊಳಗೆ! ಪುಣೆಯವನು ತಲೆಯ ಮೇಲೆ ಕೈ ಹೊತ್ತು ಕೂತ. ಆ ಮೇಲೆ ಅದನ್ನು ಬಿಚ್ಚಿ ಫ್ಯಾನಿನ ಕೆಳಗೆ ಒಣಗಿಸಿದ್ದಾಯಿತು. ಅದು ಒಣಗುವಷ್ಟರಲ್ಲಿ ಗಣಪತಿ ಬಂದ, ಆಫೀಸಿಗೆ ಸೂಟಿ.

ಇಷ್ಟೆಲ್ಲ ರೇಗಿದರೂ ಒಂದು ಮಾತು ನಿನಗೆ ಹೇಳಲೇಬೇಕು ಸಂಗೂ. ಸೂಟಿ ಮುಗಿದ ಮರುದಿನ ಪುಣೆಯವನು ಯಂತ್ರ ಸರಿಮಾಡಿ, "ಕೂತು ನೋಡಿ, ಬಾಯಿಯವರೇ" ಎಂದು ನನ್ನನ್ನು ಕೂಡಿಸಿದ. ಸಾಹೇಬರು ಎಲ್ಲರನ್ನೂ ಕೇಳಿದ ದಿನ ನಾನು ಹೇಳಿದ್ದೂ ಅದನ್ನೇ, ಬಾಜು ಕೂತು ಕೈಯಿಂದಲೇ ಕಲಿಯುತ್ತೇನೆ ಎಂದು. ಬೆಳಗಾವಿಯಿಂದ ನಮಸ್ಕಾರ ಎಂದು ಇಂಗ್ಲಿಷಿನಲ್ಲಿ ಹೊಡೆದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಯಾರೂ ಮುಟ್ಟದೆ ಯಂತ್ರ ತಾನೇ ಟಕಟಕ ಶುರುಮಾಡಿತು. ಮುಂಬಯಿಯವರು, ನಮಸ್ಕಾರ, ಯಂತ್ರದ ಮುಂದೆ ಯಾರು ಕೂತಿದ್ದೀರಿ, ಎಂದು ಕೇಳಿದ್ದರು. ಗಂಗಾದೇವಿ ಎಂದು ಹೊಡೆದೆ. ಇಷ್ಟು ವರ್ಷ ಬೇರೆಯವರು ಹೇಳಿದ್ದನ್ನು ಟೈಪ್ ಮಾಡಿ, ಕೆಳಗೆ ಬೇರೆಯವರ ಸಹಿಗೆ ಜಾಗ ಬಿಟ್ಟವಳು ನಾನು. ನಿನ್ನ ಭಾವ ಹೋದ ಮೇಲೆ ಅಷ್ಟು ಸಂತೋಷ ನನಗೆ ಆಗಿದ್ದು ಆವತ್ತೇ. ಕಣ್ಣಲ್ಲಿ ನೀರು ಬಂತು, ನೆಗಡಿ ಎಂದು ಹೇಳಿದೆ.

ಮೊನ್ನೆ ಶುಕ್ರವಾರ ಸಾಹೇಬರು ಕಲಿಯುವವರ ಹೆಸರು ಹೇಳಿದರು. ಆದಿನಾಥ ಮತ್ತು ಬಾಳಪ್ಪ! ಒಬ್ಬರು ಹೊತ್ತು ಮುಳುಗಿದರೆ ಇರುವುದಿಲ್ಲ, ಇನ್ನೊಬ್ಬನಿಗೆ ಟೈಪೇ ಬರುವುದಿಲ್ಲ. ನಾನು ಸಾಹೇಬರ ಖೋಲಿಗೆ ಹೋದೆ. ಬಾಯಿ ತೆರೆಯುವ ಮೊದಲೇ, "ದಸರಾ ಮುಗದ ಮ್ಯಾಲ ನಿಮ್ಮನ್ನ ಖಾನಾಪುರಕ್ಕ ಹಾಕೇನ್ರೀ ಅಕ್ಕಾರ. ಖುಷಿ ಆತಲ್ಲ?" ಎಂದರು.

"ನನಗ ಖುಷಿ ಅಂತ ಯಾರ್ರೀ ಹೇಳಿದ್ರು?"

"ಎಲ್ಲಾ ಗೊತ್ತೈತಿ ಬಿಡ್ರಿ ನಮಗ" ಎಂದು ನಕ್ಕು ಫೋನು ಎತ್ತಿಕೊಂಡರು. ದೇವರು ವರ ಕೊಟ್ಟು ಮಾಯವಾದಂತೆ. ಬೇಡದ ವರ!

ಇರಲಿ. ನಿನ್ನ ಮೊಮ್ಮಗುವಿಗೆ ಹಲ್ಲು ಬಂತೇ? ಜಾಂಬೋಟಿ ಕಡೆ ಮಳೆ ಬಿಟ್ಟಿಲ್ಲವಂತೆ, ಮಕ್ಕಳನ್ನು ಹೊಳೆಯ ಕಡೆ ಬಿಡಬೇಡ. ನಿನ್ನ ಯಜಮಾನರ ಕೆಮ್ಮಿಗೆ ಕಷಾಯ ಕೊಡುತ್ತಿರು, ಅವರು ಬೇಡ ಎಂದರೂ ಕೊಡು. ಬಸವಣ್ಣ ನಿಮ್ಮ ಮನೆಯನ್ನು ತಂಪಾಗಿ ಇಟ್ಟಿರಲಿ.

ಇತಿ,
ನಿನ್ನ ಅಕ್ಕ
ಗಂಗಾದೇವಿ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಅಂಟಿಸಿದರೆ ನನಗೆ ಅನ್ನ ಸೇರುವುದಿಲ್ಲ.

ನಿನ್ನೆ ಭರಮವ್ವ ಹೇಳಿದಳು. "ನಿಮ್ಮ ತಂಗ್ಯಾರು ಆವತ್ತ ಬರೀ ಅವಲಕ್ಕಿ ಇಟ್ಟು ಹೋಗ್ಲಿಲ್ರೀ. ಸಾಹೇಬರ ಖೋಲ್ಯಾಗ ಕುಂತು ಚಾ ಕುಡುದ್ರು. ‘ನಮ್ಮಕ್ಕ ಒಬ್ಬಾಕೀನ ಅದಾಳ್ರಿ, ಹೊಸಾ ಮಷೀನಿನ ತ್ರಾಸ ಆಕೀಗೆ ಬ್ಯಾಡ. ಖಾನಾಪುರಕ್ಕ ಹಾಕ್ರಿ, ನಮ್ಮನ್ಯಾಗ ಇಟ್ಕೋತೀವಿ’ ಅಂತ ಕೈ ಮುಗುದ್ರು." ಸುಣ್ಣದ ಅವಸರ ಆಗ ತಿಳಿಯಿತು.

ನೀನು ಪ್ರೀತಿಯಿಂದಲೇ ಮಾಡಿದೆ. ಅದಕ್ಕೇ ನೆಟ್ಟಗೆ ಬೈಯಲೂ ಬರದೆ, ಮೇಲೆ ಅಷ್ಟುದ್ದ ಊರವರನ್ನೆಲ್ಲ ಬೈದಿದ್ದೇನೆ. ಈ ಆಫೀಸಿನಲ್ಲಿ ಕಸ ಹೊಡೆಯುವವಳನ್ನೂ ಬಿಡದೆ, ನಿನಗೆ ಹೇಗೆ ಬೇಕು ಎಂದು ಕೇಳಿದರು. ಒಡಹುಟ್ಟಿದವಳು ನೀನು, ನೀನು ಕೇಳಲಿಲ್ಲ.

ನಾಳೆ ಸಾಹೇಬರ ಮುಂದೆ ನಿಂತು, ನನಗೆ ಯಂತ್ರದ ಮುಂದಿನ ಕುರ್ಚಿಯೇ ಬೇಕು ಎಂದು ನಾನೇ ಹೇಳುತ್ತೇನೆ. ಕೊಟ್ಟರೆ ಸರಿ. ಕೊಡದೆ ಖಾನಾಪುರಕ್ಕೇ ಕಳಿಸಿದರೆ ಬರುತ್ತೇನೆ, ಹೊಟ್ಟೆಪಾಡು. ಆದರೆ ಆ ಖೋಲಿ ಮಾತ್ರ ನನಗಾಗಿ ಇಡಬೇಡ. ಸಾಲಿ ಮಾಸ್ತರರಿಗೇ ಕೊಟ್ಟುಬಿಡು.