ಮೇಲೆ ಹತ್ತದ ನೊಣಗಳು

ಪ್ರೀತಿಯ ಅಣ್ಣನಿಗೆ,

ಲ್ಯಾಬಿನಲ್ಲಿ ಹಣ್ಣಿನ ನೊಣಗಳಿಗೆ ಆಹಾರ ಬೇಯಿಸುವ ಕೆಲಸಕ್ಕೆ ನಾನು ಸೇರಿದ ದಿನ ನೀನು ನಕ್ಕಿದ್ದು ನೆನಪಿದೆಯಾ? "ಜೀವಮಾನವಿಡೀ ಹೋಟೆಲಿನಲ್ಲಿ ನಾನು ನೊಣ ಓಡಿಸಿದೆ, ನೀನು ಕರೆದು ಬಡಿಸ್ತೀಯಲ್ಲ ಮಾರಾಯ್ತಿ!" ಈಗಲೂ ಮೆಕ್ಕೆಜೋಳದ ಹಿಟ್ಟು, ಬೆಲ್ಲ ಕುದಿಸುತ್ತೇನೆ. ಸಂಜೆ ಸಯನ್ನಿನ ನಮ್ಮ ಮನೆಗೆ ಬಂದರೆ ಮಾತಾಡಲು ಯಾರೂ ಇಲ್ಲ.

ಊರಿಂದ ನಾನು ಮೊದಲ ಸಲ ಈ ಶಹರಕ್ಕೆ ಬಂದಾಗ ಸ್ಟೇಷನ್ನಿನಲ್ಲಿ ನೀನು ಗಂಭೀರವಾಗಿ "ಯಾರಮ್ಮ ನೀವು?" ಅಂದಿದ್ದೆ. ನಾನು ಅಳುವ ಹೊತ್ತಿಗೆ ನೀನು ಪೆಟ್ಟಿಗೆ ಕಸಿದುಕೊಂಡು ನಕ್ಕೆ. ಗಿರಾಕಿಗಳ ಹತ್ತಿರ, ಶಾಲೆಯಿಂದ ಬಂದ ನಿನ್ನ ಮಗ ಸುಧೀರನ ಹತ್ತಿರವೂ ಅದೇ ಆಟ. ಅದಕ್ಕೇ ಅಲ್ಲವಾ ನಾನು ಮೋಸ ಹೋದದ್ದು?

ನಿನ್ನೊಡನೆ ಜಗಳವಾಡಿ ಶಹರದ ಆ ತುದಿಯ ಜೋಗೇಶ್ವರಿಗೆ ಹೋಗಿದ್ದ ಸುಧೀರ ಎರಡು ವರ್ಷದ ಮೇಲೆ ಬಾಗಿಲಲ್ಲಿ ನಿಂತಾಗ ನೀನು "ಯಾರು ನೀವು?" ಅಂದೆ. ಅವನ ಮುಖ ಸಣ್ಣದಾಯಿತು. ಅವನ ಹಿಂದೆ ಮೆಟ್ಟಿಲಿನವರೆಗೆ ಹೋಗಿ ನಾನೇ ಹೇಳಿದೆ: "ನಾಟಕ ಮಾರಾಯ ನಿನ್ನಪ್ಪನದ್ದು. ಈಗ ಹೋಗು, ಸಿಟ್ಟು ಇಳಿದ ಮೇಲೆ ಫೋನ್ ಮಾಡ್ತೇನೆ." ಒಳಗೆ ಬಂದು ನಿನ್ನನ್ನೂ ಬೈದೆ. ನೀನು ನನ್ನನ್ನೇ ನೋಡುತ್ತಾ ಕೂತೆ. ನಾನು ಅವನಿಗೆ ಫೋನ್ ಮಾಡುವ ಮೊದಲೇ ನೀನು ಜ್ವರ ಬಂದು ತೀರಿಹೋದೆ.

ಮೊನ್ನೆ ಲ್ಯಾಬಿನ ಹುಡುಗಿ ನೊಣಗಳಿದ್ದ ಗಾಜಿನ ಕೊಳವೆಯನ್ನು ಮೇಜಿಗೆ ತಟ್ಟಿದಳು. ಎಳೆಯವು ಸರ್ರನೆ ಮೇಲೆ ಹತ್ತಿದವು, ಮುದಿಯವು ತಳದಲ್ಲೇ ಉಳಿದವು. "ಸೋಮಾರಿಗಳು" ಅಂದೆ. "ನಹೀಂ ಆಂಟಿ" ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದಳು. ವಯಸ್ಸಾದಂತೆ ಇವುಗಳ ಮಿದುಳಿನ ನರಕೋಶಗಳು ಸಾಯುತ್ತವಂತೆ, ಹತ್ತಬೇಕೆಂದರೂ ಆಗುವುದಿಲ್ಲವಂತೆ. ಹುಳು ನೊಣವಾಗುವಾಗಲೂ ಎಷ್ಟೋ ಕೋಶಗಳು ಸಾಯುತ್ತವೆ, ಆದರೆ ಅಲ್ಲಿ ಹೋಗುವುದು ಬೇಡದ್ದು, ಮಿದುಳಿಗೆ ರೂಪ ಬರುವುದೇ ಹಾಗೆ. ಇಲ್ಲಿ ಹೋಗುವುದು ಬೇಕಾದದ್ದೇ.

"ಮನುಷ್ಯರಿಗೂ ಹೀಗಾಗ್ತದಾ?"

"ಕೆಲವರಿಗೆ. ಮನೆಯವರ ಗುರುತೂ ಹೋಗುತ್ತೆ."

ನೀನು ಚಹಾಕ್ಕೆ ಉಪ್ಪು ಹಾಕಿದ್ದು, ಶರ್ಟಿನ ಗುಂಡಿ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ಕೂತಿದ್ದು... ಅದನ್ನೂ ನಾನು ತಮಾಷೆ ಅಂದುಕೊಂಡೆನಲ್ಲ ಅಣ್ಣಾ?

ನಿನ್ನೆ ಭಾನುವಾರ ಜೋಗೇಶ್ವರಿಗೆ ಹೋಗಿ ಸುಧೀರನಿಗೆ ಎಲ್ಲ ಹೇಳಿದೆ. "ನಿನ್ನಪ್ಪ ಬೇಕಂತ ಹಾಗೆ ಮಾಡಲಿಲ್ಲ, ನಾಟಕ ಅಂದದ್ದು ನನ್ನ ತಪ್ಪು" ಅಂದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಆಗಲೇ ಗೊತ್ತಿದ್ದಿದ್ರೆ ನಾನು ಡೈಲಿ ಬರ್ತಿದ್ದೆನಲ್ಲ, ಅತ್ತೆ. ಡೈಲಿ ನನ್ನ ಹೆಸರು ಹೇಳ್ತಿದ್ದೆ" ಅಂದ.

ನಿನಗೆ ತಿಳಿಸಬೇಕಾದದ್ದು ಇಷ್ಟೇ. ಗೊತ್ತಿದ್ದರೆ ಅವನು ಬರುತ್ತಿದ್ದ ಅಣ್ಣಾ. ಬಾಗಿಲಿಂದ ಅವನನ್ನು ತಿರುಗಿ ಕಳಿಸಿದ್ದು ನಾನು.