ಆ ಹೆಸರಿನವರು ಈ ಮನೆಯಲ್ಲಿದ್ದಾರೆ

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ
೨೦ ಆಗಸ್ಟ್ ೧೯೯೯

ಚಿ॥ ಸೌ॥ ಮರುಳಸಿದ್ದಮ್ಮನಿಗೆ ನಿನ್ನ ಮಾವ ಬಕ್ಕೇಶಪ್ಪನ ಆಶೀರ್ವಾದಗಳು.

ಈ ಮೂಲಕ ನಾಡಿನ ಸಮಸ್ತ ಜನತೆಗೆ, ವಿಶೇಷವಾಗಿ ಹರಿಹರದ ತವರಿನಲ್ಲಿ ಪಂಚಮಿಯ ಉಂಡೆ ತಿನ್ನುತ್ತಿರುವ ನಿನಗೆ, ಹರ್ಷದಿಂದ ತಿಳಿಯಪಡಿಸುವುದೇನೆಂದರೆ: ನಿನ್ನೆ ಗುರುವಾರ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷದ ಶುಭ ಮುಹೂರ್ತದಲ್ಲಿ ನಮ್ಮ ಮನೆಯ ಗೇಟಿಗೆ ಟಪಾಲು ಡಬ್ಬಿಯೊಂದನ್ನು ಪ್ರತಿಷ್ಠಾಪಿಸಲಾಯಿತು. ಬಣ್ಣ ಕೆಂಪು, ತಗಡು ದಪ್ಪ. ಸ್ಕ್ರೂ ತಿರುಗಿಸಿದ್ದು ಈರುಳ್ಳಿ ಹೆಚ್ಚುವ ಚಾಕುವಿನಿಂದ; ಚಾಕುವಿನ ಮೂತಿ ಈಗ ನೆಟ್ಟಗಿಲ್ಲ. ನಿನ್ನ ಅತ್ತೆ ಹೊರಗೆ ಬಂದು, "ವಾರೆ ಐತೆ" ಎಂದಷ್ಟೇ ಉದ್ಘಾಟನಾ ಭಾಷಣ ಮಾಡಿ ಒಳಗೆ ಹೋದಳು.

ಗೇಟಿಗೆ ಡಬ್ಬಿ ಬಂದದ್ದಕ್ಕೆ ಪತ್ರ ಬರೆಯುವಷ್ಟು ಮಾವನಿಗೆ ಬಿಡುವಾಯಿತೇ ಎಂದು ನೀನು ನಗಬಹುದು. ನಗು. ಆಮೇಲೆ ನಗಲಿಕ್ಕೆ ಆಗುತ್ತದೋ ಇಲ್ಲವೋ. ಪ್ರತಿ ವಾರ ಪತ್ರಿಕೆಯ ಅಂಕಣದಲ್ಲಿ ಊರವರ ಮಾನ ಕಳೆದು ಊರವರನ್ನೇ ನಗಿಸುವವನು ನಾನು. ಈ ಸಲ ಕಳೆಯಬೇಕಾದದ್ದು ನನ್ನ ಮಾನ. ಅಂಕಣದಲ್ಲೇ ಬರೆದುಬಿಡೋಣವೆಂದು ಎರಡು ಸಾಲು ಗೀಚಿಯೂ ಇದ್ದೆ. ಬೇಡವೆನ್ನಿಸಿತು, ಅಲ್ಲಾದರೆ ನಗಿಸಿ ಪಾರಾಗಿಬಿಡುತ್ತೇನೆ.

ಫೆಬ್ರವರಿಯ ನಿಮ್ಮ ಮದುವೆಯ ದಿನದಿಂದಲೇ ಶುರು ಮಾಡಬೇಕು. ನಮ್ಮ ಮನೆತನದಲ್ಲಿ ಸೊಸೆಗೆ ಹೊಸ ಹೆಸರಿಡುವುದು ರೂಢಿ. ಹರಿವಾಣದಲ್ಲಿ ಅಕ್ಕಿ ಹರವಿ, ಮದುಮಗ ಸಂತೋಷನ ಕೈಗೆ ಉಂಗುರ ಕೊಟ್ಟು, 'ರೂಪಶ್ರೀ' ಎಂದು ಬರೆಸಿದವನು ನಾನು. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನ ಯಜಮಾನನಲ್ಲವೇ, ಹೆಸರುಗಳ ವಿಷಯದಲ್ಲಿ ನನ್ನಷ್ಟು ಬಲ್ಲವರಿಲ್ಲ ಎಂಬ ಠೇಂಕಾರ. ಮರುಳಸಿದ್ದಮ್ಮ ಎಂಬುದು ನಿನ್ನನ್ನು ಸಾಕಿದ ಅಜ್ಜಿಯ ಹೆಸರೆಂದು ನಿಮ್ಮಪ್ಪ ಮೆಲ್ಲಗೆ ಹೇಳಿದರು. "ಇರ್ಲಿ ಬಿಡ್ರಿ ಬೀಗರೆ, ಕಂಪ್ಯೂಟರ್ ಡಿಪ್ಲೊಮಾ ಮಾಡಿದ ಹುಡುಗಿಗೆ ಇದು ಒಪ್ತೈತೆ" ಎಂದೆ. ಉಂಗುರ ಅಕ್ಕಿಯ ಮೇಲೆ ಓಡಿತು. ನೀನು ತಲೆ ಬಗ್ಗಿಸಿ ಅದನ್ನು ಓದಿದೆ, ಯಾರದೋ ಮನೆಯ ಬೋರ್ಡು ಓದುವವಳ ಹಾಗೆ.

ಜುಲೈ ತಿಂಗಳಲ್ಲಿ ನನ್ನ ಪ್ರೆಸ್ಸಿಗೂ ಅಂಕಣಕ್ಕೂ ಸೇರಿ ಒಂದು ವೆಬ್‌ಸೈಟ್ ಮಾಡಿಕೊಟ್ಟೆಯಲ್ಲ, ಆಗಿನ ಮಾತು. ಸಾಫ್ಟ್‌ವೇರಿನ ಜೊತೆ ಬಂದಿದ್ದ ಸಿದ್ಧ ಥೀಮ್ ನಿನಗೆ ಹಿಡಿಸಲಿಲ್ಲ. ಥೀಮ್ ಎಂದರೇನೆಂದು ನಾನು ಕೇಳಿದ್ದಕ್ಕೆ, "ಎಲ್ಲಾ ಪುಟಕ್ಕೂ ಒಂದೇ ಥಾನಿನ ಬಟ್ಟೆ ಹೊಲಿಸಿದಂಗೆ ಮಾವಾರೆ" ಎಂದಿದ್ದೆ. ಆ ಬಟ್ಟೆಯನ್ನು ನೀನೇ ಬದಲಾಯಿಸಿದೆ. ಅಜ್ಜಿ ಹೊಲಿದ ಕೌದಿಯನ್ನು ಸ್ಕ್ಯಾನರಿನ ಮೇಲೆ ಹಾಸಿ, ಅದರ ಹೊಲಿಗೆಯನ್ನು ಪುಟದ ಅಂಚು ಮಾಡಿದೆ. ಮಾಸಿದ ಹಳದಿ ತುಂಡನ್ನು ಹಿನ್ನೆಲೆ ಮಾಡಿದೆ. ಅದನ್ನೆಲ್ಲ ಇಟ್ಟ ಫೋಲ್ಡರಿಗೆ ಮರುಳಸಿದ್ದಮ್ಮ ಎಂದು ಹೆಸರಿಟ್ಟೆ. ಈ ಮನೆಯಲ್ಲಿ ಆ ಹೆಸರಿಗೆ ಸಿಕ್ಕ ಜಾಗ ಅದೊಂದೇ ಎಂದು ಆಗ ನನಗೆ ಹೊಳೆಯಲಿಲ್ಲ.

ಹತ್ತಿ ವ್ಯಾಪಾರದ ರುದ್ರಮುನಿ ವೆಬ್‌ಸೈಟ್ ನೋಡಲು ಬಂದ. ಪರದೆಯ ಮೂಲೆಯಲ್ಲಿ ಆ ಹೆಸರು ಅವನ ಕಣ್ಣಿಗೆ ಬಿತ್ತು. "ಏನಪಾ ಬಕ್ಕೇಶಿ, ಹೊಸ ಹೆಸರಿಟ್ಟು ಊಟ ಹಾಕ್ಸಿದ್ದಿ, ಹಳೇದು ಇನ್ನೂ ಮನೇಲೇ ಓಡಾಡ್ತೈತಲ್ಲೋ!" ಎಂದ. ಅವನೆದುರು ನಕ್ಕೆ. ಮರುದಿನ ನೀನು ಅಡಿಗೆಮನೆಯಲ್ಲಿದ್ದಾಗ ಕಂಪ್ಯೂಟರಿನ ಮುಂದೆ ಕೂತು, ಫೋಲ್ಡರಿನ ಹೆಸರು ಅಳಿಸಿ ರೂಪಶ್ರೀ ಎಂದು ಕುಟ್ಟಿದೆ. ಎಲ್ಲವನ್ನೂ ಸೈಟಿಗೂ ಏರಿಸಿಬಿಟ್ಟೆ. ಅಕ್ಕಿಯ ಮೇಲೆ ಬರೆದಷ್ಟೇ ಸಲೀಸು.

ವೆಬ್‌ಸೈಟ್ ಬೋಳಾಯಿತು. ಕೌದಿ ಇಲ್ಲ, ಅಂಚಿಲ್ಲ, ಚಿತ್ರವಿದ್ದ ಕಡೆಯೆಲ್ಲ ಖಾಲಿ ಚೌಕ, ಅದರೊಳಗೊಂದು ಕೆಂಪು ಕತ್ತರಿ ಗುರುತು. ನಾನು ಟೆಲಿಫೋನ್ ಲೈನನ್ನು ಬೈದೆ, ಕರೆಂಟನ್ನು ಬೈದೆ. ನೀನು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿ, "ಹೆಸ್ರೇನಾರ ಬದಲಾಯಿಸಿದ್ರೇನ್ರಿ ಮಾವಾರೆ?" ಎಂದೆ.

"ಸ್ವಲ್ಪ" ಎಂದೆ.

ನೀನು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಮಗುವಿಗೆ ಹೇಳಿದಂತೆ ಹೇಳಿದೆ. "ಹೆಸ್ರು ಬದಲಾಯಿಸ್ಬ್ಯಾಡ್ರಿ ಅನ್ನಲ್ಲ. ಆದ್ರೆ ಹಳೇದನ್ನ ಹಂಗೇ ಬಿಟ್ಟು ಮೊದ್ಲು ಅದರದೊಂದು ನಕಲು ಮಾಡ್ರಿ, ಹೊಸ ಹೆಸ್ರು ನಕಲಿಗಿಡ್ರಿ. ಪ್ರತಿ ಪುಟಾನೂ ಒಳಗೊಳಗೆ ಹಳೇ ಹೆಸ್ರನ್ನೇ ಕೂಗ್ತಿರ್ತೈತೆ. ಒಂದೊಂದಕ್ಕೂ ಹೋಗಿ, ಇನ್ಮ್ಯಾಲೆ ಹಿಂಗೆ ಕರೀಬೇಕು ಅಂತ ಹೇಳ್ಬೇಕು. ಎಲ್ಲಾ ಪುಟ ತೆಗೆದು ನೋಡ್ಬೇಕು. ಎಲ್ಲಾದ್ರಾಗೂ ಚಿತ್ರ ಬಂದ್ವು ಅಂದ್ಮ್ಯಾಲೆ ಹಳೇದು ತೆಗೀರಿ. ತೆಗೀಲಿಲ್ಲಂದ್ರೂ ನಡೀತೈತೆ. ಅದೇನು ಅನ್ನ ಕೇಳಲ್ಲ."

ಹತ್ತೊಂಬತ್ತು ಪುಟಗಳಿದ್ದವು. ಎರಡು ಗಂಟೆ ಕೂತು ಹತ್ತೊಂಬತ್ತಕ್ಕೂ ನೀನೇ ಹೇಳಿದೆ. ಫೋಲ್ಡರಿಗೆ ಹಳೆಯ ಹೆಸರನ್ನು ಮರಳಿ ಕೊಟ್ಟು, ಅದರ ನಕಲಿಗೆ ನನಗೆ ಬೇಕಾದ ಹೆಸರನ್ನೇ ಇಟ್ಟೆ. ಕೌದಿ ಮತ್ತೆ ಬಂತು. ಬಾಗಿಲಲ್ಲಿ ಇದನ್ನೆಲ್ಲ ಕೇಳುತ್ತ ನಿಂತಿದ್ದ ನಿನ್ನ ಅತ್ತೆ, ನೀನು ಒಳಗೆ ಹೋದ ಮೇಲೆ ನನಗೆ ಹೇಳಿದಳು: "ಈ ಮನೆಗೆ ಬಂದಾಗ ನಂಗೂ ಉಮಾಮಹೇಶ್ವರಿ ಅಂದ್ರೆ ಯಾರು ಅಂತ್ಲೇ ಗೊತ್ತಾಗ್ತಿರ್ಲಿಲ್ಲ. ನಾನು ಮೈಲಮ್ಮ ಆಗಿದ್ನಲ್ಲ. ನೀವು ಕರೆದ್ರೆ ತಿರುಗಿ ನೋಡ್ತಿರ್ಲಿಲ್ಲ. ಹುಡುಗಿ ಕಿವುಡಿ ಐತೆ ಅಂತ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ರಿ, ನೆಪ್ಪೈತಾ?"

ನೆನಪಿತ್ತು. ಮೂವತ್ತೊಂದು ವರ್ಷ ಅದನ್ನು ತಮಾಷೆಯ ಕತೆಯೆಂದೇ ಹೇಳಿಕೊಂಡು ಬಂದಿದ್ದೇನೆ. ಅಂಕಣದಲ್ಲಿ ಎರಡು ಸಲ ಬರೆದಿದ್ದೇನೆ.

ಈಗ ನಿನಗೆ ಗೊತ್ತಿಲ್ಲದ ಮಾತು. ಇದಕ್ಕಾಗಿಯೇ ಇಷ್ಟು ಸುತ್ತಿ ಬಂದೆ.

ಮೇ ತಿಂಗಳ ಒಂದು ಬೆಳಿಗ್ಗೆ, ನೀನು ಅತ್ತೆಯ ಜೊತೆ ಶಾಮನೂರಿಗೆ ಹೋಗಿದ್ದೆ. ಜಗುಲಿಯಲ್ಲಿ ನಾನೂ ರುದ್ರಮುನಿಯೂ ಚಹಾ ಕುಡಿಯುತ್ತಿದ್ದೆವು. ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಒಂದು ರಿಜಿಸ್ಟರ್ಡ್ ಲಕೋಟೆ ಹಿಡಿದು, "ಮರುಳಸಿದ್ದಮ್ಮ ಅಂದ್ರೆ ಯಾರ್ರೀ ಇಲ್ಲಿ?" ಎಂದ. ರುದ್ರಮುನಿ ನನ್ನ ಮುಖ ನೋಡಿದ, ಈ ಮನುಷ್ಯ ಏನು ನಗೆಚಟಾಕಿ ಹಾರಿಸುತ್ತಾನೋ ಎಂದು. ನಾನು ಎದ್ದು ನಿಂತು, ಕೋರ್ಟಿನಲ್ಲಿ ಹೇಳಿಕೆ ಕೊಡುವವನಂತೆ, "ಆ ಹೆಸರಿನವರು ಈ ಮನೆಯಲ್ಲಿ ಇಲ್ಲಪ್ಪಾ, ಫೆಬ್ರವರಿಯಲ್ಲೇ ಖಾಲಿ ಮಾಡಿಕೊಂಡು ಹೋದರು" ಎಂದೆ. ರುದ್ರಮುನಿ ಬಿದ್ದು ಬಿದ್ದು ನಕ್ಕ. ಪೋಸ್ಟ್‌ಮ್ಯಾನ್ ನಗಲಿಲ್ಲ. ಲಕೋಟೆಯ ಮೇಲೆ ಏನೋ ಬರೆದುಕೊಂಡು ಸೈಕಲ್ ಹತ್ತಿದ.

ಕರೆಯಬಹುದಿತ್ತು. ಅವನು ತಿರುವಿನವರೆಗೂ ಕಾಣುತ್ತಿದ್ದ. ಲಕೋಟೆಯ ಮೂಲೆಯಲ್ಲಿ ಹರಿಹರದ ಆ ತರಬೇತಿ ಸಂಸ್ಥೆಯ ಮೊಹರನ್ನೂ ನಾನು ನೋಡಿದ್ದೆ. ನೀನು ಅಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದು ಗೊತ್ತಿತ್ತು. ಆದರೆ ನಗೆ ಇನ್ನೂ ಮುಗಿದಿರಲಿಲ್ಲ. ನಡುವೆ ಎದ್ದು ಓಡಿದರೆ ಜೋಕು ಕೆಡುತ್ತದೆ. ಅಷ್ಟಕ್ಕೆ, ಮರುಳಸಿದ್ದಮ್ಮ, ಬರೀ ಅಷ್ಟಕ್ಕೆ.

ಆಮೇಲೆ ಜೂನ್ ಪೂರ್ತಿ ನೀನು ಮಧ್ಯಾಹ್ನ ಕೇಳುತ್ತಿದ್ದೆ, "ಟಪಾಲು ಬಂತೇನ್ರಿ ಮಾವಾರೆ?" ನಾನು "ಇಲ್ಲವ್ವ" ಎನ್ನುತ್ತಿದ್ದೆ. ಆಯಾ ದಿನದ ಮಟ್ಟಿಗೆ ಅದು ನಿಜವೇ ಎಂದು ನನಗೆ ನಾನೇ ವಕೀಲನಾಗಿದ್ದೆ. ಒಂದು ದಿನ ನೀನು ಕೇಳುವುದನ್ನು ಬಿಟ್ಟೆ. "ನನ್ ನಂಬರ್ ಕಮ್ಮಿ ಆಗಿರ್ಬೇಕು ಬಿಡ್ರಿ" ಎಂದು ಸೊಪ್ಪು ಸೋಸುತ್ತಾ ಕೂತೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಬುಧವಾರ ಬಸ್ಸು ಹತ್ತಿ ಹರಿಹರಕ್ಕೆ ಬಂದಿದ್ದೆ. ನಿಮ್ಮ ಬೀದಿಯ ತುದಿಯವರೆಗೂ ಬಂದು, ಮನೆಗೆ ಬರುವ ಮುಖವಿಲ್ಲದೆ ನೇರ ಆ ಸಂಸ್ಥೆಗೆ ಹೋದೆ. ಅಲ್ಲಿನ ಗುಮಾಸ್ತ ಯೋಗರಾಜ್ ಫೈಲು ತೆಗೆದು ತೋರಿಸಿದ. ಪಟ್ಟಿಯಲ್ಲಿ ಮೊದಲ ಹೆಸರು ನಿನ್ನದು. ಲಕೋಟೆ ವಾಪಸು ಬಂದಿದ್ದರಿಂದ ಕೆಲಸ ಎರಡನೆಯವರಿಗೆ ಹೋಯಿತು. ನಿನ್ನ ನಂಬರು ಕಮ್ಮಿಯಿರಲಿಲ್ಲವ್ವ. ಮುಂದೆ ಜಾಗ ಖಾಲಿಯಾದರೆ ತಿಳಿಸುತ್ತೀರಾ ಎಂದು ಕೇಳಿದೆ. ಅವನು ಕನ್ನಡಕದ ಮೇಲಿಂದ ನೋಡಿ, "ತಿಳಿಸ್ಬೋದ್ರಿ. ಈ ಅಡ್ರೆಸ್ಸಿಗೆ ಹಾಕಿದ್ರೆ ಆವಾಗ್ಲಾದ್ರೂ ಮನೇಲಿ ಜನ ಇರ್ತಾರೇನ್ರಿ?" ಎಂದ. ದಾವಣಗೆರೆಯನ್ನೇ ಬಾಯಿ ಮುಚ್ಚಿಸುವ ಅಂಕಣಕಾರ ಅವನಿಗೆ ಕೈ ಮುಗಿದ. ಆ ಲಕೋಟೆಯನ್ನು ಬೇಡಿ ತಂದು ಇದರ ಜೊತೆ ಇಟ್ಟಿದ್ದೇನೆ. ಮೇಲೆ 'ಈ ಹೆಸರಿನವರು ಇಲ್ಲ' ಎಂದು ಬರೆದಿದೆ. ಕೈ ಪೋಸ್ಟ್‌ಮ್ಯಾನನದು, ಮಾತು ನನ್ನದು.

ಅದಕ್ಕೇ ಈ ಡಬ್ಬಿ. ಪ್ರೆಸ್ಸಿನ ಕರಿಬಸವರಾಜನಿಂದ ಅದರ ಮೇಲೆ ಬಿಳಿ ಬಣ್ಣದಲ್ಲಿ ಹೆಸರುಗಳನ್ನು ಬರೆಸಿದ್ದೇನೆ. ಮೇಲಿನದು ಮರುಳಸಿದ್ದಮ್ಮ, ಅದರ ಕೆಳಗೆ ರೂಪಶ್ರೀ. ಇನ್ನೂ ಕೆಳಗೆ ಮೈಲಮ್ಮ ಎಂದೂ ಬರೆಸಿದೆ. ನಿನ್ನ ಅತ್ತೆ ಅದನ್ನು ನೋಡಿಯೂ ನೋಡದವಳಂತೆ "ವಾರೆ ಐತೆ" ಎಂದಳೆಂದು ಆಗಲೇ ಹೇಳಿದೆನಲ್ಲ. ಯಾವ ಹೆಸರಿಗೆ ಓಗೊಡಬೇಕೆಂಬುದು ನಿನಗೆ ಬಿಟ್ಟದ್ದು. ಯಾವುದಕ್ಕೂ ಓಗೊಡದೆ ಇನ್ನೊಂದಿಷ್ಟು ದಿನ ಅಲ್ಲೇ ಇರುತ್ತೇನೆಂದರೆ ಅದಕ್ಕೂ ನಾನು ಅರ್ಹನೇ. ಕಂಪ್ಯೂಟರಿನಲ್ಲಿ ನೀನು ಹಳೆಯ ಫೋಲ್ಡರನ್ನು ತೆಗೆದಿಲ್ಲವೆಂದು ನಿನ್ನೆ ನೋಡಿದೆ. ಮುಟ್ಟಲಿಲ್ಲ. ಅದು ಅನ್ನ ಕೇಳಿಲ್ಲ.

ಕ್ಷಮಿಸು ಎಂದು ಹಿರಿಯರು ಬರೆಯುವ ವಾಡಿಕೆ ಇಲ್ಲವಂತೆ. ಬರೆದಿದ್ದೇನೆ. ನೀನು ಕಲಿತದ್ದು ನಿನ್ನ ಕೈ ಹಿಡಿಯಲಿ, ನಿನ್ನ ಹೆಸರಿಗೆ ಬಂದದ್ದು ನಿನ್ನ ಕೈಗೇ ಮುಟ್ಟಲಿ.

ತಲೆ ತಗ್ಗಿಸಿದ ನಿನ್ನ ಮಾವ,
ಬಕ್ಕೇಶಪ್ಪ

ಮರೆತಿದ್ದೆ: ಸಂತೋಷ ನಿಮ್ಮಪ್ಪನ ಟೇಪ್ ರೆಕಾರ್ಡರ್ ರಿಪೇರಿಗೆಂದು ಒಯ್ದ ಸ್ಕ್ರೂಡ್ರೈವರ್ ಅಲ್ಲೇ ಉಳಿದಿದೆ. ನೀನು ಬಂದರೆ ಸರಿ, ಬರದಿದ್ದರೆ ಯಾರ ಕೈಯಲ್ಲಾದರೂ ಅದನ್ನು ಕಳಿಸಿಕೊಡು. ಡಬ್ಬಿ ಒಂದೇ ಸ್ಕ್ರೂ ಮೇಲೆ ನೇತಾಡುತ್ತಿದೆ. ಪೋಸ್ಟ್‌ಮ್ಯಾನ್ ಸೋಮವಾರ ಬರುತ್ತಾನೆ.