ಎಡಕ್ಕೆ ವಾಲಿದ ಕಾರು

ರೀ,

ಆಟೋದಲ್ಲಿ ವೈಯಾಲಿಕಾವಲ್‌ಗೆ, ಅಪ್ಪನ ಮನೆಗೆ ಹೋಗ್ತಿದೀನಿ. ನಿಮ್ಮ ಸ್ಪೋರ್ಟ್ಸ್ ಕಾರಲ್ಲಿ ಒಂದು ರೌಂಡ್ ಹೋಗೋಕೆ ಅಪ್ಪ ಬೆಳಗ್ಗೆಯಿಂದ ಟೋಪಿ ಹಾಕ್ಕೊಂಡು ಗೇಟ್ ಹತ್ರ ಕೂತಿದಾರಂತೆ. ಕಾರಿಗೆ ಜ್ವರ ಅಂತ ಹೇಳ್ತೀನಿ.

ಸ್ಪ್ರಿಂಗ್ ಥರ ಭಾರ ಹೊರೋ ಹೊಸ ಟಾರ್ಷನ್ ಬಾರ್ ನೀವೇ ಹಾಕಿದ್ಮೇಲೆ ಕಾರು ಎಡಕ್ಕೆ ವಾಲಿದ್ದಕ್ಕೆ, ಪೋರ್ಟಿಕೋ ನೆಲಾನೇ ಇಳಿಜಾರು ಅಂದ್ರಲ್ಲ. ಗೋಲಿ ಇಟ್ಟು ನೋಡಿದೆ, ಅಲ್ಲಾಡಲಿಲ್ಲ. ಎಡಕ್ಕೊಂದು ಬಾರ್, ಬಲಕ್ಕೊಂದು, ಅದಲುಬದಲು ಮಾಡಬಾರದು ಅಂತ ಡಬ್ಬದ ಮೇಲೇ ಬರೆದಿದೆ. ನೀವು ಅದರ ಮೇಲೆ ಕಾಫಿ ಲೋಟ ಇಟ್ಟಿದ್ರಿ.

ಹುಳಿ ಬಿಸಿ ಮಾಡ್ಕೊಳ್ಳಿ. ಗ್ರೀಸ್ ಕೈಯಲ್ಲಿ ಫ್ರಿಜ್ ಮುಟ್ಟಬೇಡಿ.

ಬಾರ್ ಬಿಚ್ಚೋಕೆ ಅಂತ ಒಬ್ರೇ ಕಾರಿನ ಕೆಳಗೆ ನುಗ್ಗಬೇಡಿ. ಹೋದ್ಸಲ ಜಾಕ್ ಜಾರಿದ್ದು ನನಗೆ ಗೊತ್ತಿಲ್ಲ ಅಂದ್ಕೊಂಡಿದೀರ. ಸಂಜೆ ಬಂದು ನಾನೇ ಟಾರ್ಚ್ ಹಿಡೀತೀನಿ. ಬೈಯೋಕಾದ್ರೂ ನೀವು ಬೇಕಲ್ಲ.

ಅಲಮೇಲು